ಅವ್ವನ ಬಲಗೈ, ಅಳಿಯನ ಲಾನು

ನನ್ನ ಗಂಡನಿಗೂ ನನ್ನ ಅವ್ವನಿಗೂ ಮಾತಿಲ್ಲ. ಜಗಳವೇನೂ ಆಗಿಲ್ಲ, ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದಿಂದ ಇನ್ನೂ ಒಳಗಿರುವ ನಮ್ಮೂರಿನಲ್ಲಿ ಅವ್ವನ ಕಾಲದ ಹೆಂಗಸರು ಅಳಿಯನ ಎದುರು ಕೂರುವುದಿಲ್ಲ, ಅಳಿಯನ ಎದುರು ಉಣ್ಣುವುದಿಲ್ಲ, ಅಳಿಯನ ಮುಖ ನೋಡಿ ಮಾತಾಡುವುದಂತೂ ಇಲ್ಲವೇ ಇಲ್ಲ. ಹೇಳಬೇಕಾದದ್ದನ್ನು ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ ಹೇಳಿದರೆ ಮುಗಿಯಿತು. "ಅಳಿಯಂದ್ರು ಕಾಪಿ ಕುಡುದ್ರಾ ಕೇಳವ್ವ" ಎಂದು ಅವ್ವ ನನಗೆ ಹೇಳುವಾಗ ಅಳಿಯಂದಿರು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿರುತ್ತಾರೆ. "ಕುಡಿದೆ ಅಂತ ಹೇಳು" ಎಂದು ಅವರೂ ನನಗೇ ಹೇಳುತ್ತಾರೆ. ನಡುವೆ ನಾನೊಬ್ಬಳು ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ಅತ್ತಲಿಂದ ಇತ್ತ, ಇತ್ತಲಿಂದ ಅತ್ತ ಮಾತು ದಾಟಿಸುತ್ತಿರಬೇಕು.

ಇಂಥ ಅವ್ವ ಹುಣಸೂರಿನ ನಮ್ಮ ಮನೆಗೆ ಬಂದು ಚಳಿಗಾಲ ಪೂರ್ತಿ ಉಳಿಯಬೇಕಾಯಿತು. ದೀಪಾವಳಿ ಕಳೆದ ಮೇಲೆ ಅವಳಿಗೆ ಲಕ್ವ ಹೊಡೆಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಜೀವ ಉಳಿಸಿಕೊಟ್ಟರು. ಮಾತು ನೆಟ್ಟಗಾಯಿತು, ಕಾಲು ಸ್ವಲ್ಪ ಎಳೆದರೂ ಹಿಡಿದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಜೋತುಬಿದ್ದಿತ್ತು. ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ, ಚಿವುಟಿದರೂ ಅಷ್ಟೆ. ಮೊದಲ ಕೆಲವು ತಿಂಗಳಲ್ಲಿ ಎಷ್ಟು ಬರುತ್ತದೋ ಅಷ್ಟು, ಆಮೇಲೆ ಬರುವುದು ಕಷ್ಟ, ಕೈಗೆ ಬಿಡದೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ನಮ್ಮೂರಿನಲ್ಲಿ ವ್ಯಾಯಾಮ ಮಾಡಿಸುವವರು ಯಾರೂ ಇಲ್ಲ, ಹುಣಸೂರಿನಲ್ಲಿ ಇದ್ದಾರೆ ಎಂದು ಅಣ್ಣನನ್ನು ಒಪ್ಪಿಸಿ ಕರೆತಂದೆ.

ಅವ್ವನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ತನ್ನ ಕೈಯಿಂದ ತಾನು ಮುದ್ದೆ ಮುರಿದು ಉಣ್ಣಬೇಕು, ಅಷ್ಟೆ. ಎಡಗೈಯಲ್ಲಿ ಉಣ್ಣುವ ಮಾತೇ ಇಲ್ಲ. ಅನ್ನ ಸಾರು ಕಲಸಿ ನಾನು ತಿನ್ನಿಸಿದರೆ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು, ಅದೂ ಅಳಿಯ ಮನೆಯಲ್ಲಿದ್ದರೆ ಕೋಣೆಯ ಬಾಗಿಲು ಹಾಕಿಸಿ. ಮುದ್ದೆಯನ್ನು ಮಾತ್ರ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. "ಇನ್ನೊಬ್ರು ಮುರ್ದು ಬಾಯ್ಗಿಕ್ಕೋ ಮುದ್ದೆ ನಂಗ್ಬ್ಯಾಡ ಕಣವ್ವ. ನನ್ ಕೈ ಬಂದ್ರೆ ಉಣ್ತೀನಿ, ಬರ್ನಿಲ್ವಾ, ಅನ್ನವೇ ಸಾಕು" ಎಂದುಬಿಟ್ಟಳು. ಹುಟ್ಟಿದಾಗಿನಿಂದ ದಿನಕ್ಕೊಂದಾದರೂ ಮುದ್ದೆ ಉಂಡು ಬೆಳೆದ ಜೀವ ಅದು. ಅವಳಿಗೆ ಅನ್ನ ಇಕ್ಕಿ, ನನ್ನ ಮುದ್ದೆಯ ತಟ್ಟೆ ಹಿಡಿದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು, ಇದನ್ನು ಅಮುಕುತ್ತಾ ಇರಿ ಅಜ್ಜಿ ಎಂದಳು. ಅವಳು ಗೇಟು ದಾಟುವುದೇ ತಡ, ಚೆಂಡು ಮಂಚದ ಕೆಳಗೆ ಹೋಯಿತು. "ನಾನೇನ್ ಎಳೇ ಮಗೀನಾ?" ಎಂದು ಅವ್ವ ನನ್ನನ್ನೇ ಗದರಿದಳು. ನಾನು ದಿನಾ ಬಗ್ಗಿ ಅದನ್ನು ಎತ್ತಿಕೊಡುವುದು, ಅವಳು ದಿನಾ ಉರುಳಿಸುವುದು. ಆ ಚೆಂಡಿನಿಂದ ವ್ಯಾಯಾಮ ಆದದ್ದು ನನ್ನ ಸೊಂಟಕ್ಕೆ.

ಇನ್ನು ಲಾನಿನ ವಿಷಯ. ನನ್ನ ಗಂಡ ಪಿರಿಯಾಪಟ್ಟಣದ ಕಡೆಯವರು, ಹೊಗೆಸೊಪ್ಪು ಬೆಳೆಯುವ ಮನೆಯವರು. ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿ ಹುಣಸೂರಿನಲ್ಲಿ ಮನೆ ಕಟ್ಟಿದ ಮೇಲೂ ಅವರಿಗೆ ಮಣ್ಣಿನ ಚಟ ಹೋಗಲಿಲ್ಲ. ಮನೆ ಮುಂದೆ ಖಾಲಿ ಬಿದ್ದಿದ್ದ ಜಾಗದಲ್ಲಿ ಸೊಪ್ಪು ಹಾಕೋಣ, ಬದನೆ ಹಾಕೋಣ ಎಂದು ನಾನು ಹೇಳಿದೆ. ಅವರಿಗೆ ಯಾರದೋ ಮನೆಯ ಹಸಿರು ಹಾಸು ಕಣ್ಣಿಗೆ ಬಿದ್ದಿತ್ತು. ಮನೆಗೆ ಒಂದು ಕಳೆ ಬರುತ್ತೆ ಕಣೆ ಎಂದು ಮಳೆಗಾಲದಲ್ಲಿ ಮೆಕ್ಸಿಕನ್ ಹುಲ್ಲಿನ ಹಾಸನ್ನು ಚೌಕ ಚೌಕವಾಗಿ ತರಿಸಿ ಹಾಕಿಸಿದರು. ಚಳಿ ಶುರುವಾಗುವ ಮುಂಚೆ ಅದಕ್ಕೆ ಬಲ ಬರಲಿ ಎಂದು ಊರಿನ ತಿಪ್ಪೆಯಿಂದ ಗೊಬ್ಬರದ ಮೂಟೆ ತಂದು ಹರಡಿದರು. ಗೊಬ್ಬರ ಪೂರಾ ಕೊಳೆತಿರಲಿಲ್ಲ. ದನ ಮೇಯ್ದ ಹುಲ್ಲಿನ ಬೀಜವೆಲ್ಲ ಅದರಲ್ಲಿ ಬೆಚ್ಚಗೆ ಕೂತಿತ್ತು. ಡಿಸೆಂಬರ್ ಹೊತ್ತಿಗೆ ಮನೆಗೆ ನಿಜವಾಗಿಯೂ ಕಳೆ ಬಂತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬದನೆ ಹಾಕದ ಸಿಟ್ಟಿಗೆ, ಆ ಲಾನಿನ ಸಹವಾಸವೇ ಬೇಡ ಎಂದು ಕೂತಿದ್ದವಳು, ಕಳೆ ಬಂದ ಮೇಲೆ ನಾನೇ ಮೊದಲು ಅದರ ಮೇಲೆ ಬಗ್ಗಿದೆ. ಕುತೂಹಲ ನನ್ನ ಹುಟ್ಟುಗುಣ. ಚಳಿಗೆ ಮೆಕ್ಸಿಕನ್ ಹುಲ್ಲು ಬೆಳೆಯುವುದನ್ನು ನಿಲ್ಲಿಸಿ ಮಂಕಾಗಿ ಕೂತಿತ್ತು. ಅದರ ಮಧ್ಯೆ ಬಂದದ್ದೆಲ್ಲ ಎಳೆ ಹಸಿರು. ಬೇಸಿಗೆಯಲ್ಲಾಗಿದ್ದರೆ ಎಲ್ಲ ಒಂದೇ ಹಸಿರಾಗಿ ಯಾವುದು ನಮ್ಮದು ಯಾವುದು ಹೊರಗಿನದು ಎಂದು ತಿಳಿಯುತ್ತಿರಲಿಲ್ಲ. ಸ್ಕೂಲಿನ ಭೂತಗನ್ನಡಿ ತಂದು ಬೆಳಗಿನ ಬಿಸಿಲಿನಲ್ಲಿ, ಇಬ್ಬನಿ ಆರುವ ಮುಂಚೆ, ಮೊಣಕಾಲೂರಿ ನೋಡಿದೆ. ನೆಲಕ್ಕೆ ಚಕ್ರದ ಹಾಗೆ ಚಪ್ಪಟೆ ಬಿದ್ದಿರುವುದು ಕಾಡುರಾಗಿ, ಬುಡ ಬೆಳ್ಳಗೆ, ಎಳೆದರೆ ಜಪ್ಪಯ್ಯ ಅನ್ನುವುದಿಲ್ಲ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಹಾಸಿನ ಕೆಳಗೆಲ್ಲ ಓಡಾಡಿಕೊಂಡಿರುವುದು ಗರಿಕೆ. ಇನ್ನೊಂದು ಜೇಕು, ನೋಡುವುದಕ್ಕೆ ಹುಲ್ಲೇ, ಆದರೆ ದಂಟನ್ನು ಬೆರಳ ನಡುವೆ ಹೊರಳಿಸಿದರೆ ಮೂರು ಮೂಲೆ ಸಿಗುತ್ತದೆ, ಕೆಳಗೆ ಮಣ್ಣಿನಲ್ಲಿ ಗಡ್ಡೆ.

ಗೊಬ್ಬರದ ಅಂಗಡಿಗೆ ಹೋಗಿ ಕಳೆಗೆ ಔಷಧಿ ಕೇಳಿದಾಗ ಅಂಗಡಿಯವರು, "ರಾಗಿಗಾ, ಭತ್ತಕ್ಕಾ, ಶುಂಟಿಗಾ ಮೇಡಂ?" ಎಂದರು. ಲಾನಿಗೆ ಎಂದೆವು. ಅವರು ನಕ್ಕರು. "ಉಲ್ಲಲ್ಲಿ ಉಲ್ಲು ಸಾಯ್ಬೇಕು, ಉಲ್ಲು ಉಳೀಬೇಕು ಅಂದ್ರೆ ಔಸ್ದಿಗೆ ಎಂಗ್ ಗೊತ್ತಾದದು ಏಳಿ? ನನ್ ತಾವ ಇರದು ಎಲ್ಲಾನೂ ಸುಡದೇಯ." ಆದರೂ ನನ್ನ ಗಂಡ ಒಂದು ಸಣ್ಣ ಬಾಟಲಿ ತಂದರು. ಸ್ಪ್ರೇ ಮಾಡಿದರೆ ಹಾಸೂ ಹೋಗುತ್ತದೆಂದು ಬಣ್ಣ ಬಳಿಯುವ ಬ್ರಷ್ಷಿನಿಂದ ಗರಿಕೆಯ ಎಲೆ ಎಲೆಗೂ ಬಳಿಯತೊಡಗಿದರು. ಭಾನುವಾರ ಬೆಳಗ್ಗೆ ಕೈಗೆ ಗ್ಲೌಸು, ಮೂಗಿಗೆ ಕರವಸ್ತ್ರ, ಬಾಯಲ್ಲಿ ಉಸಿರಿಲ್ಲ. ನನ್ನ ಮುಖವನ್ನು ಅಷ್ಟು ಏಕಾಗ್ರತೆಯಿಂದ ಯಾವತ್ತೂ ನೋಡಿದವರಲ್ಲ.

ಆ ಹೊತ್ತಿಗೇ ಅವ್ವ ಬಂದಿದ್ದಳು. ಲಾನು ನೋಡಿ ಅವಳ ಮೊದಲ ಪ್ರಶ್ನೆ, "ಇದೇನವ್ವ, ಇಷ್ಟ್ ಉಲ್ ಬೆಳ್ಸವ್ರೆ, ದನ ಎಲ್ಲಿ ಕಟ್ಟವ್ರೆ?" ದನ ಇಲ್ಲವ್ವ, ಸುಮ್ಮನೆ ನೋಡುವುದಕ್ಕೆ ಎಂದೆ. ಅಳಿಯನ ಬಗ್ಗೆ ಕೆಟ್ಟ ಮಾತಾಡಬಾರದೆಂದು ಅವ್ವ ತುಟಿ ಬಿಗಿದುಕೊಂಡಳು.

ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅವಳಿಗೆ ಹೊತ್ತು ಹೋಗಬೇಕಲ್ಲ. ಮರಗೆಲಸ ಮಾಡುವ ಪಕ್ಕದ ಮನೆಯ ಭಾಯಿ, ಕೂರಲು ತಗ್ಗಾಗಿರಲಿ ಎಂದು ಅಗಲವಾದ ತೇಗದ ಮಣೆಯೊಂದನ್ನು ಮಾಡಿಕೊಟ್ಟಿದ್ದರು. ಅದನ್ನು ಲಾನಿನಲ್ಲಿಟ್ಟು, ಬಿಸಿಲು ಕಾಯಿಸಿಕೋ ಎಂದು ಅವ್ವನನ್ನು ಕೂರಿಸಿ ಹೋಗುತ್ತಿದ್ದೆ. ಭಾಯಿಯ ಹೆಂಡತಿ ಕಾಂಪೌಂಡಿನಿಂದ ಒಂದು ಕಣ್ಣು ಇಟ್ಟಿರುತ್ತಿದ್ದರು. ಒಂದು ಸಂಜೆ ಬಂದು ನೋಡಿದರೆ ಮಣೆಯ ಸುತ್ತ ನೆಲ ಬೋಳಾಗಿತ್ತು. ಅವ್ವ ಎಡಗೈಯಲ್ಲಿ ಮೆಕ್ಸಿಕನ್ ಹುಲ್ಲನ್ನೆಲ್ಲ ಕಿತ್ತು ಗುಡ್ಡೆ ಹಾಕಿ, ಗರಿಕೆಯನ್ನು ಒಂದೊಂದೂ ಜೋಪಾನವಾಗಿ ಉಳಿಸಿದ್ದಳು. "ಎಂತೆಂತದೋ ಒರಟ್ ಉಲ್ಲು ಗರ್ಕೆ ಮ್ಯಾಲೆ ಅಬ್ಬಿತ್ತು, ಎಲ್ಲಾ ಕಿತ್ತಾಕಿವ್ನಿ" ಎಂದು ಹೆಮ್ಮೆಯಿಂದ ಹೇಳಿದಳು.

ನನ್ನ ಗಂಡ ಗೇಟಿನ ಹತ್ತಿರವೇ ನಿಂತುಬಿಟ್ಟರು. ಬೇರೆ ಯಾರಾಗಿದ್ದರೂ ಅವರ ಬಾಯಿಗೆ ಬೀಳುತ್ತಿದ್ದರು. ಅತ್ತೆಯಾದ್ದರಿಂದ ಬೈಯುವ ದಾರಿ ನನ್ನ ಮೂಲಕವೇ ಹೋಗಬೇಕಿತ್ತು. "ಕಿತ್ತಿದ್ದು ಲಾನು, ಬಿಟ್ಟಿದ್ದು ಕಳೆ ಅಂತ ನಿಮ್ಮಮ್ಮಂಗೆ ಹೇಳು" ಎಂದರು. ಅವ್ವ ಸೆರಗು ಎಳೆದುಕೊಂಡು ಅತ್ತ ತಿರುಗಿ, "ಗರ್ಕೆ ಕಳೆ ಅಂದ್ರೆ ಗಣಪ್ಪ ಏನಂದನು ಅಂತ ಕೇಳವ್ವ" ಎಂದಳು. ನಾನು ನಗು ತಡೆಯಲಾಗದೆ ಒಳಗೆ ಹೋದೆ. ಇಬ್ಬರನ್ನೂ ಹಾಗೇ ಬಿಟ್ಟು ಹೋದದ್ದರಿಂದ ಜಗಳ ಮುಂದುವರಿಯಲು ಅವಕಾಶವೇ ಆಗಲಿಲ್ಲ.

ಆಮೇಲೆ ನಾನೇ ಕೂತು ಒಂದು ಒಪ್ಪಂದ ಮಾಡಿಸಿದೆ. ಗರಿಕೆಯನ್ನು ಕಿತ್ತು ಬಿಸಾಡಬೇಕಾಗಿಲ್ಲ, ನಮ್ಮ ಬೀದಿಯ ಕೊನೆಯಲ್ಲಿರುವ ಗಣೇಶನ ಗುಡಿಗೆ ದಿನಾ ಒಂದು ಹಿಡಿ ಕೊಟ್ಟರೆ ದೇವರಿಗೂ ಆಯಿತು, ಲಾನಿಗೂ ಆಯಿತು. ಅವ್ವ ಒಪ್ಪಿದಳು. ಆದರೆ ಅಲ್ಲಿಗೆ ನಾನು ಯೋಚಿಸಿರದ ಒಂದು ತೊಡಕು ಬಂತು. ದೇವರಿಗೆ ಎಡಗೈಯಲ್ಲಿ ಕೀಳುವ ಹಾಗಿಲ್ಲ.

ಮಾರನೆಯ ದಿನ ರಜೆ. ಕಿಟಕಿಯಿಂದ ನೋಡುತ್ತಿದ್ದೆ. ಅವ್ವ ಎಡಗೈಯಿಂದ ಬಲಗೈಯನ್ನು ಎತ್ತಿ ಗರಿಕೆಯ ಮೇಲಿಟ್ಟಳು. ಅದು ಜಾರಿ ಮಡಿಲಿಗೆ ಬಿತ್ತು. ಮತ್ತೆ ಎತ್ತಿಟ್ಟಳು. ಬೆರಳುಗಳು ಗರಿಕೆಯ ಮೇಲೆ ಸುಮ್ಮನೆ ಮಲಗಿದ್ದವು. "ಇಡ್ಕೊ, ಇಡ್ಕಳೋ" ಎಂದು ಮಾತು ಕೇಳದ ಎತ್ತಿಗೆ ಹೇಳುವ ಹಾಗೆ ತನ್ನ ಕೈಗೇ ಹೇಳುತ್ತಿದ್ದಳು. ಆ ಹುಡುಗಿ ಎಷ್ಟು ಗೋಗರೆದರೂ ಚೆಂಡು ಮುಟ್ಟದವಳು ಮಧ್ಯಾಹ್ನದವರೆಗೆ ಅಲ್ಲಿಂದ ಏಳಲಿಲ್ಲ. ಒಂದೇ ಒಂದು ಎಸಳು ಕೂಡ ಕೈಗೆ ಬರಲಿಲ್ಲ. ಅವತ್ತು ಗಣೇಶನಿಗೆ ಗರಿಕೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ.

ನನ್ನ ಗಂಡ ಅವತ್ತು ಸಂಜೆ ಔಷಧಿಯ ಬಾಟಲಿ, ಬ್ರಷ್ಷು ಎರಡನ್ನೂ ಸುತ್ತಿ ಅಟ್ಟದ ಮೇಲಿಟ್ಟರು. ಯಾಕೆ ಎಂದೆ. "ಬರಿಗೈಯಲ್ಲಿ ಮುಟ್ತಾರಲ್ಲ" ಎಂದರು. ಬ್ರಷ್ಷು ಮುಟ್ಟಿದ್ದ ಗರಿಕೆಯನ್ನೆಲ್ಲ ಗ್ಲೌಸು ಹಾಕಿಕೊಂಡು ಮಣ್ಣು ಸಮೇತ ಅಗೆದು ತೆಗೆದು ಹಾಕಿದರು.

ಆ ಕೈಗೆ ಒಳಗೆ ಏನಾಗುತ್ತಿರಬಹುದು ಎಂಬ ಕುತೂಹಲ ನನಗೆ. ಕಣ್ಣು ಮುಚ್ಚಿಸಿ ಅವಳ ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ದಂಟು ಇಟ್ಟು, ನಾನೇ ಅವಳ ಬೆರಳು ಹಿಡಿದು ಹೊರಳಿಸಿ, ಗರಿಕೆಯೋ ಜೇಕೋ ಹೇಳು ನೋಡೋಣ ಎನ್ನುತ್ತಿದ್ದೆ. ಅವ್ವ ಬಾಯಿಗೆ ಬಂದದ್ದು ಹೇಳುತ್ತಿದ್ದಳು. ಒಮ್ಮೊಮ್ಮೆ ನಾನು ಏನೂ ಇಡದೆ ಕೇಳಿದರೂ "ಗರ್ಕೆ" ಎನ್ನುತ್ತಿದ್ದಳು. ಮೋಸ ಮಾಡ್ತೀಯಾ ಎಂದು ನಾನು ಬೈದರೆ, "ನೀನ್ ತಾನೆ ಮೋಸ ಮಾಡಿದ್ದು" ಎಂದು ಅವಳು. ಹೀಗೆ ಆಟದ ಹಾಗೆ ನಡೆದಿತ್ತು. ಧನುರ್ಮಾಸದ ಒಂದು ಬೆಳಗ್ಗೆ, ಮಂಜು ಇನ್ನೂ ರಸ್ತೆಯ ಮೇಲೇ ಇತ್ತು, ಅವ್ವ ಕಣ್ಣು ಮುಚ್ಚಿಕೊಂಡೇ ಹುಬ್ಬು ಗಂಟಿಕ್ಕಿದಳು. "ಮೂಲೆ ಐತೆ ಕಣವ್ವ" ಎಂದಳು. ನಾನು ಇಟ್ಟಿದ್ದು ಜೇಕು. ಮತ್ತೆ ಗರಿಕೆ ಇಟ್ಟೆ. "ಇದು ಗುಂಡುಗೈತೆ." ಮತ್ತೆ ಜೇಕು. "ಮೂಲೆ." ಸ್ಕೂಲಿಗೆ ಹೊತ್ತಾಗಿತ್ತು, ನನಗೆ ಹೋಗಲು ಮನಸ್ಸಿಲ್ಲ. ಸಂತೋಷಕ್ಕೆ ಅವ್ವನ ಆ ಮಣ್ಣು ಕೈಯನ್ನೇ ಕೆನ್ನೆಗೆ ಒತ್ತಿಕೊಂಡೆ.

ಅಲ್ಲಿಂದ ಬೆರಳು ಸ್ವಲ್ಪ ಸ್ವಲ್ಪವೇ ಮಾತು ಕೇಳತೊಡಗಿದವು. ಮೊದಲ ಗರಿಕೆ ಎಸಳು ಕಿತ್ತ ದಿನ ಅದನ್ನು ತಾನೇ ಗುಡಿಗೆ ಒಯ್ಯಬೇಕೆಂದು ಹಟ ಹಿಡಿದು, ನನ್ನ ಹೆಗಲು ಹಿಡಿದು ಬೀದಿ ಕೊನೆಯವರೆಗೆ ನಡೆದಳು. ದಿನಾ ಹಿಡಿ ತುಂಬತೊಡಗಿತು. ಈಗ ಲಾನಿನ ಕಡೆಯಿಂದ ಹೊಸ ಕಷ್ಟ. ದೇವರಿಗೆ ಬೇಕಾದ್ದು ಮೂರೆಸಳಿನ ಕುಡಿ. ಅವ್ವ ಕುಡಿಯನ್ನಷ್ಟೇ ಚಿವುಟಿ ಬುಡವನ್ನು ಬಿಡುತ್ತಿದ್ದಳು. ಕುಡಿ ಚಿವುಟಿದ ಗರಿಕೆ ಬದಿಗಳಲ್ಲಿ ಒಡೆದು ಮೊದಲಿಗಿಂತ ದಟ್ಟವಾಗಿ ಬಂತು. "ಹಿಂಗಾದ್ರೆ ಲಾನು ಹೋಗಿ ಗರಿಕೆ ತೋಟ ಆಗುತ್ತೆ, ಬುಡ ಸಮೇತ ಕೀಳೋಕೆ ಹೇಳೇ" ಎಂದು ಇವರು ಹಲುಬಿದರು. "ಬರ್ಲಿ ಬುಡು, ದೇವ್ರಿಗ್ ತಾನೆ" ಎಂದು ಅವ್ವ. ಕೊನೆಗೆ ಪಕ್ಕದ ಭಾಯಿಯ ಆಡುಗಳು ನಮ್ಮ ಸಹಾಯಕ್ಕೆ ಬಂದವು. ಕುಡಿ ಗಣೇಶನಿಗೆ, ಬಳ್ಳಿ ಬೇರು ಆಡಿಗೆ ಎಂದು ತೀರ್ಮಾನವಾಯಿತು. "ಅಮ್ಮಾ, ನಿಮ್ಮ ಲಾನ್ ನಮ್ಮ ಬಕ್ರಿಗೆ ಬಹಳ ಪಸಂದ್ ಆಗೈತೆ" ಎಂದು ಭಾಯಿ ಕಾಂಪೌಂಡಿನ ಆಚೆಯಿಂದ ಕೂಗಿದಾಗ ಅವ್ವ ಜೋರಾಗಿ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಇವರು ರಜೆಯ ದಿನ ಸ್ಕ್ರೂಡ್ರೈವರಿನಿಂದ ಜೇಕಿನ ಗಡ್ಡೆ ಅಗೆಯುವುದು, ಅವ್ವ ಇನ್ನೊಂದು ತುದಿಯಲ್ಲಿ ಬೆನ್ನು ತಿರುಗಿಸಿ ಕೂತು ಗರಿಕೆ ಎಳೆಯುವುದು. ಇಬ್ಬರೂ ಒಂದೇ ಲಾನಿನಲ್ಲಿ, ಒಂದೇ ಕೆಲಸ, ಮಾತಿಲ್ಲ. ಕಾಡುರಾಗಿ ತೆನೆ ಬಿಡುವ ಮುಂಚೆಯೇ ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಲಾನು ಅಲ್ಲಲ್ಲಿ ಬೋಳು ಬೋಳಾಗಿದ್ದರೂ ಕಳೆಯಿಲ್ಲದೆ ಶುದ್ಧವಾಯಿತು. ನನ್ನ ಗಂಡ ಆ ದಿನ ಬಾಗಿಲಲ್ಲಿ ನಿಂತು ಸುತ್ತ ನೋಡಿಕೊಂಡ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅಷ್ಟು ತೃಪ್ತಿ.

ಹಬ್ಬದ ಮಾರನೆಯ ದಿನ ಅವ್ವ ತಾನಾಗಿ ಕೇಳಿದಳು, "ಇವತ್ತೊಂದ್ ಸಣ್ ಮುದ್ದೆ ಮಾಡವ್ವ." ಹಿದುಕಿದ ಅವರೆಬೇಳೆ ಸಾರು ಇತ್ತು. ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ತಟ್ಟೆ ಇಟ್ಟೆ. ಬಲಗೈ ತಟ್ಟೆಗೆ ತಾನೇ ಹೋಯಿತು. ಬೆರಳು ಮುದ್ದೆಯ ಮೇಲೆ ಕೂತವು. ಗರಿಕೆಯ ಎಳೆ ಹಿಡಿಯುವಷ್ಟು ಶಕ್ತಿ ಬಂದಿತ್ತು, ಮುದ್ದೆ ಮುರಿಯುವಷ್ಟು ಬಂದಿರಲಿಲ್ಲ. ಒತ್ತಿದಾಗ ಮುದ್ದೆ ಜಾರಿ ತಟ್ಟೆಯ ಅಂಚಿಗೆ ಹೋಯಿತು. ಎಳೆದುಕೊಂಡಳು, ಮತ್ತೆ ಜಾರಿತು. ಮೂರನೆಯ ಸಲ ಸಾರು ಸೀರೆಯ ಮೇಲೆ ಚೆಲ್ಲಿತು. ಅವ್ವ ತಟ್ಟೆಯನ್ನು ಎಡಗೈಯಿಂದ ದೂರ ತಳ್ಳಿದಳು. "ಬಂದಷ್ಟು ಬಂತು ಬುಡವ್ವ" ಎಂದಳು. ನಾನು ಸೀರೆ ಒರೆಸುತ್ತಾ ಏನೇನೋ ಸಮಾಧಾನ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿಕೊಂಡಳು. ಹೊರಗೆ ಬಂದರೆ ಇವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಓದುತ್ತಿರಲಿಲ್ಲ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು.

ಅದಾದ ಮೇಲೆ ಅವ್ವ ಲಾನಿಗೆ ಬರುವುದನ್ನು ಬಿಟ್ಟಳು. "ಅಲ್ಲೇನೈತೆ ಕೀಳಕೆ?" ಎಂದಳು. ಅದೂ ನಿಜವೇ. ಡಾಕ್ಟರು ಹೇಳಿದ್ದ ತಿಂಗಳುಗಳು ಸರಿಯುತ್ತಿದ್ದವು. ಕೈ ಮತ್ತೆ ಮಡಿಲಲ್ಲಿ ಮಲಗುತ್ತದೇನೋ ಎಂದು ನನಗೆ ಭಯವಾಯಿತು. ಹಳದಿ ಚೆಂಡನ್ನು ಮತ್ತೆ ಹೊರಗೆ ತೆಗೆದೆ. ಅದು ಮತ್ತೆ ಮಂಚದ ಕೆಳಗೆ ಹೋಯಿತು.

ಕೆಲವು ದಿನ ಬಿಟ್ಟು, ಲಾನಿನ ಮೂಲೆಯ ಸೀಬೆ ಗಿಡದ ಹತ್ತಿರ ಬಟ್ಟೆ ಒಣಹಾಕಲು ಹೋದವಳು ಕೆಳಗೆ ನೋಡಿದರೆ ಗರಿಕೆ. ಒಂದೆರಡಲ್ಲ, ಸಾಕಷ್ಟು. ಅವ್ವನನ್ನು ಕೂಗಿದೆ. "ಬಂತಾ ಮತ್ತೆ?" ಎಂದು ಅವ್ವ ಕುಂಟುತ್ತಾ ಬಂದು, ಮಣೆ ಎಳೆಸಿಕೊಂಡು ಕೂತಳು. ಬಲಗೈ ಕೆಲಸಕ್ಕೆ ಹಚ್ಚಿಕೊಂಡಿತು. ನನಗೆ ಮಾತ್ರ ತಲೆಯಲ್ಲಿ ಹುಳ. ಗಿಡದ ನೆರಳಿನಲ್ಲಿ, ಬಿಸಿಲೇ ಬೇಕಾದ ಗರಿಕೆ ಹೇಗೆ ಬಂತು? ಅದರ ಸ್ವಭಾವಕ್ಕೇ ವಿರುದ್ಧ. ನಲ್ಲಿ ತೊಟ್ಟಿಕ್ಕುತ್ತಿದೆಯೇ ಎಂದು ನೋಡಿದೆ, ಇಲ್ಲ. ಗೊಬ್ಬರ ಅಲ್ಲಿಗೆ ಹಾಕಿರಲಿಲ್ಲ. ಮರುದಿನ ಇನ್ನೊಂದಿಷ್ಟು ಬಂದಿತ್ತು, ಸ್ವಲ್ಪ ಆ ಕಡೆಗೆ. ಭೂತಗನ್ನಡಿ ತಂದೆ. ಬುಡದಲ್ಲಿ ಮಣ್ಣು ಸಡಿಲ, ಎಲೆ ತುದಿ ಬಾಡಿದೆ. ಹಕ್ಕಿ ಬೀಜ ಹಾಕಿದರೆ ಒಂದೇ ರಾತ್ರಿಗೆ ಗೇಣುದ್ದ ಬೆಳೆಯುತ್ತದೆಯೇ? ಎದ್ದು ನಿಂತು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಹೊಳೆಯಿತು. ಗರಿಕೆ ದಾರ ಕಟ್ಟಿದ ಹಾಗೆ ಸಾಲಾಗಿ ಹುಟ್ಟಿತ್ತು. ಒಂದರಿಂದ ಒಂದಕ್ಕೆ ಸಮ ಅಂತರ. ಪ್ರತಿಯೊಂದರ ಬುಡಕ್ಕೂ ಅಂಗೈಯಗಲ ಪಾತಿ, ಪಾತಿಯಲ್ಲಿ ತೇವ.

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಸಸಿಯನ್ನು ಹಾಗೆಯೇ ನೆಡುತ್ತಾರೆ. ಹಗ್ಗ ಹಿಡಿದು ಸಾಲು, ಸಾಲಿಗೆ ಗುಣಿ, ಗುಣಿಗೊಂದು ಚೊಂಬು ನೀರು. ಚಿಕ್ಕಂದಿನಿಂದ ಆ ಕೆಲಸ ಮಾಡಿದ ಮನುಷ್ಯ ಕಳೆ ನೆಡಲು ಕೂತರೂ ಕೈ ಸಾಲು ಬಿಡಲಿಲ್ಲ.

ಸಂಜೆ ಇವರನ್ನು ಅಡುಗೆಮನೆಗೆ ಕರೆದು ಕೇಳಿದೆ. "ಶ್, ಮೆಲ್ಲಗೆ" ಎಂದರು. ಪಕ್ಕದ ಖಾಲಿ ಸೈಟಿನಿಂದ ಗರಿಕೆ ಬುಡ ಕಿತ್ತು ತಂದು, ಬೆಳಗ್ಗೆ ಅವ್ವ ಸ್ನಾನಕ್ಕೆ ಹೋದಾಗ ನೆಡುತ್ತಿದ್ದರಂತೆ. "ಮೊದ್ಲು ಸಡಿಲವಾಗಿ ನೆಟ್ಟೆ. ಈಗ ದಿನಾ ಸ್ವಲ್ಪ ಆಳಕ್ಕೆ ಇಟ್ಟು ಮಣ್ಣು ತುಳೀತೀನಿ. ನಾಳೆಯಿಂದ ಕಾಡುರಾಗಿ ಇಡೋಣ ಅಂತಿದೀನಿ, ಅದು ಬಿಗಿ ಜಾಸ್ತಿ" ಎಂದರು, ಪಾಠದ ಸಿದ್ಧತೆ ಹೇಳುವ ಮೇಷ್ಟರ ಹಾಗೆ. ಲಾನು ಹಾಳಾಗುತ್ತಲ್ಲ ಎಂದೆ. "ಆಗುತ್ತೆ" ಎಂದರು. ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಮದುವೆಯಾದ ಹೊಸತರಲ್ಲೂ ಇಲ್ಲ. ಬಾಯಲ್ಲಿ ಮಾತ್ರ, ಸಾಲು ಬಿಟ್ಟು ಅಡ್ಡಾದಿಡ್ಡಿ ನೆಡಿ, ಅವ್ವನಿಗೆ ಗೊತ್ತಾಗಿಬಿಡುತ್ತದೆ ಎಂದೆ. ಅವರು ಪ್ರಯತ್ನಪಟ್ಟರು. ಮರುದಿನ ನೋಡಿದರೆ ಅಡ್ಡಾದಿಡ್ಡಿಯೂ ಸಾಲಾಗಿಯೇ ಇತ್ತು.

ಹೀಗೆ ಮಾಗಿ ಮುಗಿಯುವವರೆಗೆ ಒಬ್ಬರು ನೆಡುವುದು, ಒಬ್ಬರು ಕೀಳುವುದು. ಅವ್ವ ಏನೂ ತಿಳಿಯದವಳ ಹಾಗೆ, "ಎಲ್ಲಿಂದ ಬಂದದೋ ಈ ದರಿದ್ರದ್ದು" ಎಂದು ಗೊಣಗುತ್ತಾ ಎಳೆಯುತ್ತಿದ್ದಳು. ಕಾಡುರಾಗಿಯ ಗಟ್ಟಿ ಬುಡಕ್ಕೆ ಮೊದಮೊದಲು ಬೆರಳು ಜಾರಿದವು. ಆಮೇಲೆ ನಾಲ್ಕು ಬೆರಳೂ ಸುತ್ತಿ ಹಿಡಿದು, ಮೈ ಹಿಂದಕ್ಕೆ ಹಾಕಿ ಎಳೆಯುವುದನ್ನು ಕಂಡುಕೊಂಡಳು. ಬುಡ ಕಿತ್ತು ಬಂದ ರಭಸಕ್ಕೆ ಒಮ್ಮೆ ಮಣೆಯಿಂದ ಹಿಂದಕ್ಕೆ ಬಿದ್ದು, ಬಿದ್ದಲ್ಲಿಂದಲೇ ಬುಡವನ್ನು ಎತ್ತಿ ತೋರಿಸಿದಳು. ಮುದ್ದೆಯ ಸುದ್ದಿಯನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮತ್ತೆ ಜಾರಿದರೆ ಎಂಬ ಭಯ ಇಬ್ಬರಿಗೂ ಇತ್ತು.

ಶಿವರಾತ್ರಿಗೆ ಮುಂಚಿನ ಒಂದು ಭಾನುವಾರ. ಇವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಅವ್ವ ಲಾನಿನಲ್ಲಿ ಕೊನೆಯ ಬುಡ ಕಿತ್ತು, ಕೈಗೆ ಹತ್ತಿದ ಮಣ್ಣನ್ನು ಕೊಡವಿ, ತಲೆ ಮೇಲೆ ಸೆರಗು ಸರಿ ಮಾಡಿಕೊಂಡಳು. ಆಮೇಲೆ ಜಗಲಿಯ ಕಡೆ ಮುಖ ತಿರುಗಿಸಿದಳು.

"ಅಳಿಯಂದ್ರೇ."

ನಾನು ಬಟ್ಟೆ ಹಿಂಡುತ್ತಿದ್ದವಳು ಹಾಗೇ ನಿಂತೆ. ಇವರು ಲೋಟ ಕೆಳಗಿಟ್ಟು ಎದ್ದು ನಿಂತರು.

"ಕಳೆ ಎಲ್ಲಾರ ಸಾಲಾಗ್ ಉಟ್ಟದಾ? ಬುಡುಕ್ಕೆ ನೀರ್ ಬ್ಯಾರೆ ಉಯ್ದೀರಿ."

ಇವರು ಗಾಬರಿಯಲ್ಲಿ ನನ್ನ ಕಡೆ ತಿರುಗಿ, "ನಿಮ್ಮಮ್ಮಂಗೆ ಹೇಳು..." ಎಂದು ಶುರು ಮಾಡಿದರು.

"ಅವಳ್ಗ್ಯಾಕ್ ಏಳೀರಿ? ನಂಗೇ ಏಳಿ" ಎಂದಳು ಅವ್ವ.

ಆಮೇಲೆ ಇವರು ಜಗಲಿ ಇಳಿದು, ಇಷ್ಟು ವರ್ಷಗಳಲ್ಲಿ ಮೊದಲ ಸಲ ನೇರವಾಗಿ ಕೇಳಿದರು, "ಯಾವಾಗ ಗೊತ್ತಾಯ್ತು ಅತ್ತೆ?"

"ಮೊದ್ಲ್ನೇ ದಿವ್ಸವೇಯ. ನಾಟಿ ಮಾಡ್ದವ್ಳಿಗೆ ನೆಟ್ಟಿದ್ ಯಾವ್ದು, ಉಟ್ಟಿದ್ ಯಾವ್ದು ಗೊತ್ತಾಗಕಿಲ್ವಾ? ಏಳ್ಬುಟ್ಟಿದ್ರೆ ನೀವ್ ನಾಚ್ಕೊಂಡು ನೆಡದ್ ನಿಲ್ಲುಸ್ಬುಡ್ತಿದ್ರಿ. ಅದ್ಕೇ ಸುಮ್ಕಿದ್ದೆ."

ಅವ್ವ ಮಣೆಯಿಂದ ಏಳಲು ಹೊರಟಳು. ಎಬ್ಬಿಸುವುದು ಯಾವಾಗಲೂ ನನ್ನ ಕೆಲಸ, ಎಡಗೈ ಹಿಡಿದು ಎಬ್ಬಿಸುತ್ತಿದ್ದೆ. ಕೈ ಒರೆಸಿಕೊಂಡು ಓಡಿ ಬಂದೆ. ಅವ್ವ ನನ್ನನ್ನು ತಡೆದು, ಬಲಗೈಯನ್ನು ಇವರ ಕಡೆ ಚಾಚಿದಳು. "ಇಡ್ಕಳಿ, ಎಬ್ಬುಸ್ರಪ್ಪ" ಎಂದಳು.

ಅಳಿಯನನ್ನು ಅತ್ತೆ ಮುಟ್ಟುವುದನ್ನು ನಾನು ನಮ್ಮೂರಿನಲ್ಲಿ ಕಂಡಿರಲಿಲ್ಲ. ಇವರೂ ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಮುಂಗೈಯನ್ನು ಮುಂದಕ್ಕೆ ಕೊಟ್ಟರು. ಮಣ್ಣಿನ ಬೆರಳುಗಳು ಅದರ ಸುತ್ತ ಒಂದೊಂದಾಗಿ ಮುಚ್ಚಿಕೊಂಡವು. ಅವ್ವ ಉಸಿರು ಬಿಗಿಹಿಡಿದು ಎಳೆದುಕೊಂಡು ಎದ್ದಳು. ನೇರವಾಗಿ ನಿಂತ ಮೇಲೂ ಬಿಡಲಿಲ್ಲ. ಅವಳ ಭಾರವೆಲ್ಲ ಆ ಕೈಯಲ್ಲೇ ಇತ್ತು.

ಅವ್ವ ಒಳಗೆ ಹೋದ ಮೇಲೆ ಇವರು ನನ್ನ ಹತ್ತಿರ ಬಂದು ಮುಂಗೈ ತೋರಿಸಿದರು. ಕೆಂಪಗೆ ನಾಲ್ಕು ಗೆರೆ ಮೂಡಿದ್ದವು, ಮುದ್ದೆಯ ಮೇಲಿಂದ ಜಾರಿದ್ದ ಅದೇ ಬೆರಳುಗಳ ಗೆರೆ. "ನೋಡು ಕಣೆ, ಉಗುರು ನಾಟಿದೆ, ಉರೀತಿದೆ" ಎಂದರು. ದೂರು ಹೇಳುವ ದನಿ, ಕಣ್ಣಲ್ಲಿ ನೀರು. ನಾನು ಅಲ್ಲೇ ಬೋಳು ಲಾನಿನ ಮೇಲೆ ಕೂತು ಅತ್ತುಬಿಟ್ಟೆ. ಅವರು ಆ ಕೈಯನ್ನು ಊದಿಕೊಳ್ಳುತ್ತಾ ಪಕ್ಕದಲ್ಲಿ ನಿಂತಿದ್ದರು.